ಲೋ ಪ್ರೆಷರ್ ಡೈ ಕಾಸ್ಟಿಂಗ್: ಕೆಳಗಿನಿಂದ ಮೇಲೇರುವ ಎರಕ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಐಟಿಐ, ಡಿಪ್ಲೊಮಾ ಓದುವವರಿಗೆ ಎರಕ ದೂರದ ಕೆಲಸವಲ್ಲ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿ ಎರಕದ ಭಾಗಗಳಿರುವ ಲೇತ್‌ಗಳಿಗೆ ಹೆಸರಾಗಿತ್ತು. ಶಿವಮೊಗ್ಗದಲ್ಲಿ ಇಂದಿಗೂ ಫೌಂಡ್ರಿಗಳಿವೆ. ಮರಳಚ್ಚಿಗೆ ಮೇಲಿನಿಂದ ಲೋಹ ಹೊಯ್ಯುವುದನ್ನು ನೋಡಿದವರು ಲೋಹವನ್ನು ಕೆಳಗಿನಿಂದ ಏರಿಸುವ ಈ ವಿಧಾನವನ್ನೂ ಕಲಿಯಬೇಕು. ಕಾರಿನ ಅಲಾಯ್ ಚಕ್ರಗಳು ಹೆಚ್ಚಾಗಿ ಹೀಗೆಯೇ ತಯಾರಾಗುತ್ತವೆ.

ಹಂತ 1: ಲೋಹ ಕರಗಿಸಿ. ಸುಮಾರು 7% ಸಿಲಿಕಾನ್ ಇರುವ ಅಲ್ಯೂಮಿನಿಯಂ ಮಿಶ್ರಲೋಹವನ್ನು 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡುತ್ತಾರೆ. ಹಾಕುವ ಗಟ್ಟಿ, ಹಿಡಿಯುವ ಸೌಟು ಎಲ್ಲವೂ ಒಣಗಿ ಬಿಸಿಯಾಗಿರಬೇಕು. ಕರಗಿದ ಲೋಹದೊಳಗೆ ನೀರು ಸಿಕ್ಕಿಕೊಂಡರೆ ಸ್ಫೋಟವಾಗುತ್ತದೆ.

ಹಂತ 2: ಶುದ್ಧಗೊಳಿಸಿ. ತೇವದಿಂದ ಹೈಡ್ರೋಜನ್ ಲೋಹದೊಳಗೆ ಸೇರಿ, ಎರಕದಲ್ಲಿ ಸಣ್ಣ ರಂಧ್ರಗಳಾಗುತ್ತವೆ. ಆರ್ಗಾನ್ ಅಥವಾ ನೈಟ್ರೋಜನ್ ಗುಳ್ಳೆ ಹಾಯಿಸಿ ಅದನ್ನು ಹೊರಹಾಕಿ, ಮೇಲೆ ತೇಲುವ ಕಿಟ್ಟ ತೆಗೆಯಿರಿ.

ಹಂತ 3: ಡೈ ಸಿದ್ಧಪಡಿಸಿ. ಡೈಯನ್ನು, ಅಂದರೆ ಉಕ್ಕಿನ ಅಚ್ಚನ್ನು, ಬಿಸಿಮಾಡಿ, ಒಳಮೈಗೆ ಡೈ ಕೋಟ್ ಸಿಂಪಡಿಸಿ. ಲೋಹ ಅಂಟದಂತೆ, ಎಲ್ಲಿ ಬೇಗ, ಎಲ್ಲಿ ತಡವಾಗಿ ಆರಬೇಕೋ ಹಾಗೆ ಆರುವಂತೆ ಈ ಲೇಪ ನೋಡಿಕೊಳ್ಳುತ್ತದೆ.

ಹಂತ 4: ಒತ್ತಡ ಕೊಡಿ. ಕುಲುಮೆ ಕೆಳಗೆ, ಡೈ ಮೇಲೆ. ನಡುವೆ ಲೋಹದಲ್ಲಿ ಮುಳುಗಿದ ಕೊಳವೆ. ಮುಚ್ಚಿದ ಕುಲುಮೆಗೆ ಒಣ ಗಾಳಿ ತುಂಬಿದರೆ ಲೋಹ ಕೊಳವೆಯಲ್ಲಿ ಮೇಲೇರುತ್ತದೆ. ಒಂದು ಮೀಟರ್ ಏರಿಸಲು ಸುಮಾರು 0.24 ಬಾರ್ ಸಾಕು; ಇಡೀ ಕೆಲಸ ಸಾಮಾನ್ಯವಾಗಿ 1 ಬಾರ್ ಒಳಗೇ ಮುಗಿಯುತ್ತದೆ. ಒತ್ತಡವನ್ನು ನಿಧಾನವಾಗಿ ಏರಿಸಿ. ಲೋಹ ಚಿಮ್ಮಿದರೆ ಗಾಳಿಯೂ ಆಕ್ಸೈಡ್ ಪೊರೆಯೂ ಒಳಗೆ ಸಿಕ್ಕಿಕೊಳ್ಳುತ್ತವೆ.

ಹಂತ 5: ಒತ್ತಡ ಹಿಡಿದಿಡಿ. ಇದೇ ಈ ವಿಧಾನದ ಜೀವಾಳ. ಎರಕವು ದೂರದ ತುದಿಯಿಂದ ಆರಂಭಿಸಿ ಗೇಟಿನ (ಕೊಳವೆಯಿಂದ ಲೋಹ ಡೈಯೊಳಗೆ ಬರುವ ಬಾಯಿ) ಕಡೆಗೆ ಗಟ್ಟಿಯಾಗುತ್ತಾ ಬರಬೇಕು. ಆರುವಾಗ ಲೋಹ ಕುಗ್ಗುತ್ತದೆ. ಆ ಕೊರತೆಯನ್ನು ಕೊಳವೆಯಿಂದ ಬರುವ ಹೊಸ ಲೋಹ ತುಂಬುತ್ತದೆ. ಗೇಟ್ ಗಟ್ಟಿಯಾಗುವವರೆಗೂ ಒತ್ತಡ ಬಿಡಬೇಡಿ.

ಹಂತ 6: ಒತ್ತಡ ಬಿಡಿ, ಎರಕ ತೆಗೆಯಿರಿ. ಕೊಳವೆಯಲ್ಲಿ ಉಳಿದ ಲೋಹ ಕುಲುಮೆಗೆ ಇಳಿಯುತ್ತದೆ. ಹಾಗಾಗಿ ಕತ್ತರಿಸಿ ಮತ್ತೆ ಕರಗಿಸಬೇಕಾದ ಲೋಹ ತೀರಾ ಕಡಿಮೆ. ಕುಲುಮೆಯ ಮಟ್ಟ ಪ್ರತಿ ಸಲ ಇಳಿಯುವುದರಿಂದ ಮುಂದಿನ ಎರಕಕ್ಕೆ ಒತ್ತಡ ತುಸು ಹೆಚ್ಚಿಸಬೇಕು.

ಹಂತ 7: ಪರೀಕ್ಷಿಸಿ. ಚಕ್ರಗಳನ್ನು ಎಕ್ಸ್‌ರೇಯಲ್ಲಿ ನೋಡುತ್ತಾರೆ. ದುಂಡನೆಯ ನುಣುಪು ರಂಧ್ರ ಕಂಡರೆ ಅನಿಲದ ದೋಷ: 2 ಮತ್ತು 4ನೇ ಹಂತ ನೋಡಿ. ಒರಟು ಅಂಚಿನ ಟೊಳ್ಳು ಕಂಡರೆ ಕುಗ್ಗುವಿಕೆಯ ದೋಷ: 3 ಮತ್ತು 5ನೇ ಹಂತ ನೋಡಿ. ದೋಷದ ಆಕಾರ ಓದಲು ಕಲಿತವರಿಗೆ ಯಾವ ಫೌಂಡ್ರಿಯಲ್ಲೂ ಬೆಲೆಯಿದೆ.