ಕಳಚಿದ ಚೈನ್, ಹೊಟ್ಟೆಯೊಳಗಿನ ಸಿಟ್ಟು



ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಸ್ವಲ್ಪ ಉದ್ದವಾಗಿದೆ, ಟೀಚರ್ ಬುದ್ಧಿ, ಕ್ಷಮಿಸಿ. ಚಹಾ ಕುಡಿಯುತ್ತಾ ಓದಿ.

ಕಳೆದ ಭಾನುವಾರ ನಾವು ದಶ ಪಾರಮಿತೆಗಳಲ್ಲಿ ಖಂತಿಯ ಬಗ್ಗೆ ಮಾತಾಡುತ್ತಿದ್ದೆವು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಪಾರಮಿತೆಗಳನ್ನು ಪಾಲಿಸುತ್ತೇನೆ ಎಂಬುದೂ ಒಂದು. ಹಿರಿಯರೊಬ್ಬರು ಖಂತಿ ಎಂದರೆ ಸಹನೆ ಎಂದು ವಿವರಿಸುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಮಗ ಎದ್ದು ನಿಂತು ಕೇಳಿಬಿಟ್ಟ: "ಸಹಿಸಿಕೊಂಡು ಬಿದ್ದಿರೋದೇ ಖಂತಿ ಆದ್ರೆ, ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಬುದ್ಧ ಯಾಕೆ ಬೇಕಿತ್ತು? ಅವರು ಆಗಲೇ ಖಂತಿಯಲ್ಲಿ ಪಾಸಾಗಿದ್ದರಲ್ಲ?" ಎಲ್ಲರೂ ನಕ್ಕರು. ಆಮೇಲೆ ಯಾರೂ ಮಾತಾಡಲಿಲ್ಲ. ನನಗೂ ಸರಿಯಾದ ಉತ್ತರ ಹೊಳೆಯಲಿಲ್ಲ.

ಆ ರಾತ್ರಿ ಅವನೇ ಮೊಬೈಲ್ ತಂದು ಒಂದು ಹಳೆಯ ವಿಡಿಯೋ ತೋರಿಸಿದ. ಪಿಯುಸಿ ಹುಡುಗ, ಸೈಕಲ್ ಹುಚ್ಚು. ಪಾಠದ ಪದ್ಯ ಬಾಯಿಗೆ ಬರುವುದಿಲ್ಲ, ಫ್ರಾನ್ಸಿನ ಬೆಟ್ಟಗಳ ಹೆಸರು ಮಾತ್ರ ಸಾಲಾಗಿ ಬರುತ್ತವೆ. "ಇದನ್ನ ನೋಡಿ ಆಮೇಲೆ ಖಂತಿ ಬಗ್ಗೆ ಹೇಳಮ್ಮ" ಎಂದ.

ಅದು 2010ರ ಟೂರ್ ಡಿ ಫ್ರಾನ್ಸ್ ಸ್ಪರ್ಧೆ. ಗೊತ್ತಿಲ್ಲದವರಿಗಾಗಿ ಎರಡು ಮಾತು. ಇದು ಒಂದು ದಿನದ ಓಟವಲ್ಲ. ಜುಲೈ 3ರಿಂದ 25ರವರೆಗೆ, ಮೂರೂವರೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್. ಪ್ರತಿದಿನದ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ, ಒಟ್ಟು ಸಮಯ ಯಾರದ್ದು ಕಡಿಮೆಯೋ ಅವರು ಹಳದಿ ಅಂಗಿ ತೊಡುತ್ತಾರೆ. ಆ ವರ್ಷ ಕೊನೆಗೆ ಉಳಿದವರು ಇಬ್ಬರು: ಸ್ಪೇನಿನ ಆಲ್ಬರ್ಟೊ ಕಾಂಟಡೋರ್, ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದ ಆಂಡಿ ಶ್ಲೆಕ್. ಆಂಡಿಗೆ ಆಗ 25 ವರ್ಷ. ಅಪ್ಪ, ಅಣ್ಣ ಇಬ್ಬರೂ ಇದೇ ಸ್ಪರ್ಧೆಯಲ್ಲಿ ಸೈಕಲ್ ತುಳಿದವರು. ಸುಮಾರು 92 ಗಂಟೆ ತುಳಿದ ಮೇಲೆ ಅವನು ಸೋತದ್ದು ಬರೀ 39 ಸೆಕೆಂಡಿನಿಂದ. ನಾನು ಹಾಜರಿ ಕೂಗುವಾಗ ಹತ್ತು ಹೆಸರು ಮುಗಿಯುವಷ್ಟು ಹೊತ್ತು.

ಜುಲೈ 19. ಪಿರನೀಸ್ ಪರ್ವತ ಸಾಲಿನ ಪೋರ್ ದ ಬಾಲೆಸ್ ಎಂಬ ಏರು. ಹಳದಿ ಅಂಗಿ ಆಂಡಿಯ ಮೈಮೇಲಿತ್ತು, ಕಾಂಟಡೋರ್‌ಗಿಂತ 31 ಸೆಕೆಂಡು ಮುಂದಿದ್ದ. ಆ 31 ಸಾಲದು ಎಂಬುದು ಅವನಿಗೆ ಗೊತ್ತಿತ್ತು. ಯಾಕೆಂದರೆ ಕೊನೆಯ ಶನಿವಾರ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಸ್ಪರ್ಧೆ ಇತ್ತು, ಅದರಲ್ಲಿ ಕಾಂಟಡೋರ್ ಅವನಿಗಿಂತ ಬಲಶಾಲಿ. ಸಪಾಟು ರಸ್ತೆಯಲ್ಲಿ ಗುಂಪಿನ ಗಾಳಿಮರೆಯಲ್ಲಿ ಎಲ್ಲರೂ ಒಟ್ಟಿಗೇ ಸಾಗುತ್ತಾರೆ, ಅಲ್ಲಿ ಯಾರನ್ನೂ ಕಳಚಿಕೊಳ್ಳಲು ಆಗುವುದಿಲ್ಲ. ಕಳಚಿಕೊಳ್ಳಬೇಕಾದರೆ ಬೆಟ್ಟವೇ ಬೇಕು. ಹಾಗಾಗಿ ತುದಿಗೆ ಇನ್ನು ಸುಮಾರು 3 ಕಿಲೋಮೀಟರ್ ಇರುವಾಗ ಆಂಡಿ ಸೀಟಿನಿಂದೆದ್ದು ಜೋರಾಗಿ ತುಳಿದ. ಲೆಕ್ಕ ಸರಿಯಾಗಿತ್ತು, ಅಂತರವೂ ಬೀಳತೊಡಗಿತ್ತು. ಅಷ್ಟರಲ್ಲಿ ಚೈನ್ ಕಳಚಿತು.

ಅವನು ಕೆಳಗಿಳಿದು ಗ್ರೀಸ್ ಕೈಯಲ್ಲಿ ಚೈನ್ ಕೂರಿಸುತ್ತಿದ್ದಾಗ ಕಾಂಟಡೋರ್ ಪಕ್ಕದಿಂದಲೇ ದಾಟಿ ಹೋದ. ಜೊತೆಗೆ ಇನ್ನಿಬ್ಬರು. ಆಂಡಿ ಮತ್ತೆ ಹತ್ತಿ ಹುಚ್ಚನಂತೆ ಬೆನ್ನಟ್ಟಿದ, ಇಳಿಜಾರಿನಲ್ಲಿ ಜೀವದ ಹಂಗು ತೊರೆದು ಇಳಿದ. ಆದರೂ ಆ ದಿನ ಕಳೆದುಕೊಂಡದ್ದು 39 ಸೆಕೆಂಡು. ಹಳದಿ ಅಂಗಿ ಕಾಂಟಡೋರ್‌ಗೆ ಹೋಯಿತು, 8 ಸೆಕೆಂಡಿನ ಅಂತರದಲ್ಲಿ. ವೇದಿಕೆ ಮೇಲೆ ಅಂಗಿ ತೊಡುವಾಗ ಜನ ಅವನನ್ನು ಕೂಗಿ ಹೀಯಾಳಿಸಿದರು. ನನ್ನ ಹೊಟ್ಟೆ ತುಂಬಾ ಸಿಟ್ಟಿದೆ, ಸೇಡು ತೀರಿಸಿಕೊಳ್ಳುತ್ತೇನೆ ಎಂದು ಆಂಡಿ ಅಂದೇ ಎಲ್ಲರೆದುರು ಹೇಳಿದ. ಕಾಂಟಡೋರ್ ಅಂದು ರಾತ್ರಿಯೇ ವಿಡಿಯೋ ಮಾಡಿ ಕ್ಷಮೆ ಕೇಳಿದ.

ಹಳದಿ ಅಂಗಿಯವನ ಸೈಕಲ್ ಕೆಟ್ಟರೆ ಆ ಹೊತ್ತಿನಲ್ಲಿ ಅವನ ಮೇಲೆ ದಾಳಿ ಮಾಡಬಾರದು ಎಂಬುದು ಆ ಕ್ರೀಡೆಯಲ್ಲಿ ಒಂದು ಬರೆಯದ ನಿಯಮ. ಇಲ್ಲಿಗೆ ವಿಡಿಯೋ ನಿಲ್ಲಿಸಿ ಮಗ ಕೇಳಿದ, "ಯಾರ ತಪ್ಪು?" ನಾನು ತಟ್ಟನೆ ಕಾಂಟಡೋರ್ ಎಂದೆ. "ಬರೆಯದ ನಿಯಮ ಅಂದ್ರೆ ನಿನಗೆ ಭಯ ಆಗಲ್ವಾ?" ಎಂದ.

ಅವನು ಕೇಳಿದ್ದು ಸರಿ. ನಮ್ಮ ಜನರ ಬೆನ್ನ ಮೇಲಿನ ಬಾಸುಂಡೆಗಳೆಲ್ಲ ಬರೆಯದ ನಿಯಮಗಳವೇ. ಹೋಟೆಲಿನ ಬೇರೆ ಲೋಟ, ಬಾವಿಯ ಬೇರೆ ಮೆಟ್ಟಿಲು ಯಾವ ಗೆಜೆಟ್ಟಿನಲ್ಲೂ ಇರಲಿಲ್ಲ. ಬರೆಯದ ನಿಯಮ ಯಾರಿಗೆ ಬೇಕೋ ಅವರಿಗೆ ಬೇಕಾದಾಗ ಇರುತ್ತದೆ, ಬೇಡವಾದಾಗ ಇರುವುದಿಲ್ಲ. ಅದೇ ಸ್ಪರ್ಧೆಯ ಮೊದಲ ವಾರವನ್ನು ಮಗ ತೋರಿಸಿದ. ಜುಲೈ 5ರಂದು ಬೆಲ್ಜಿಯಮ್ಮಿನ ಸ್ಪಾ ಊರಿನ ದಾರಿಯಲ್ಲಿ ಒಂದು ಜಾರು ಇಳಿಜಾರಿನಲ್ಲಿ ಬಹಳ ಮಂದಿ ಬಿದ್ದರು. ಬಿದ್ದವರಲ್ಲಿ ಆಂಡಿಯೂ, ಅವನ ಅಣ್ಣ ಫ್ರಾಂಕ್ ಕೂಡ ಇದ್ದರು. ಆಗ ಹಳದಿ ಅಂಗಿಯಲ್ಲಿದ್ದ ಸ್ವಿಟ್ಜರ್‌ಲೆಂಡಿನ ಫ್ಯಾಬಿಯನ್ ಕ್ಯಾನ್ಸೆಲಾರಾ ಇಡೀ ಗುಂಪನ್ನು ನಿಧಾನಿಸಿದ. ಬಿದ್ದವರು ಬಂದು ಸೇರಿಕೊಂಡರು, ಮುಂದೆ ಒಬ್ಬನೇ ಹೋಗಿದ್ದ ಸಿಲ್ವೈನ್ ಶವಾನೆಲ್‌ಗೆ ಅಂಗಿ ಹೋಯಿತು. ಎಂಥ ತ್ಯಾಗ ಎನ್ನಿಸುತ್ತದೆ. ಆದರೆ ಕ್ಯಾನ್ಸೆಲಾರಾ ಆಂಡಿಯ ತಂಡದವನೇ! ಮರುದಿನ ಕಲ್ಲು ಹಾಸಿನ ರಸ್ತೆಯಲ್ಲಿ ಮತ್ತೆ ಜನ ಬಿದ್ದರು, ಫ್ರಾಂಕ್ ಕೊರಳೆಲುಬು ಮುರಿದು ಸ್ಪರ್ಧೆಯಿಂದಲೇ ಹೊರಬಿದ್ದ. ಕಾಂಟಡೋರ್ ಹಿಂದೆ ಸಿಕ್ಕಿಹಾಕಿಕೊಂಡ. ಆ ದಿನ ಯಾರೂ ನಿಧಾನಿಸಲಿಲ್ಲ. ಅದೇ ಕ್ಯಾನ್ಸೆಲಾರಾ ಮುಂದೆ ಎಳೆದ, ಆಂಡಿ ಅವನ ಬೆನ್ನಿಗೆ ಅಂಟಿಕೊಂಡು ಕಾಂಟಡೋರ್ ಮೇಲೆ ಒಂದು ನಿಮಿಷಕ್ಕೂ ಹೆಚ್ಚು ಗಳಿಸಿದ. ಒಂದು ದಿನ ಕಾಯುವಿಕೆಯ ಫಲ, ಮರುದಿನ ಕಾಯದಿರುವಿಕೆಯ ಫಲ, ಎರಡನ್ನೂ ಉಂಡವನು ಈ ಹುಡುಗ.

ಇನ್ನೊಂದು ಲೆಕ್ಕ. ಚೈನ್ ಕಳಚಿದ ದಿನದ ನಷ್ಟ 39, ಕೊನೆಯ ಸೋಲೂ 39. ಹಾಗಾಗಿ ಚೈನಿನಿಂದಲೇ ಸೋತ ಎನ್ನುವವರೇ ಹೆಚ್ಚು. ಆದರೆ ಮೊಟ್ಟಮೊದಲ ದಿನ ರಾಟರ್‌ಡ್ಯಾಮಿನಲ್ಲಿ, ಬರೀ 8.9 ಕಿಲೋಮೀಟರಿನ ಚಿಕ್ಕ ಓಟದಲ್ಲಿ ಆಂಡಿ ಕಾಂಟಡೋರ್‌ಗೆ 42 ಸೆಕೆಂಡು ಬಿಟ್ಟುಕೊಟ್ಟಿದ್ದ. ಅದು ಯಾರ ಮೋಸವೂ ಅಲ್ಲ, ಅವನ ದೌರ್ಬಲ್ಯ. ಅದನ್ನು ಯಾರೂ ನೆನೆಯುವುದಿಲ್ಲ. ನಮ್ಮ ಸೋಲಿಗೆ ಹತ್ತು ಕಾರಣ ಇದ್ದರೂ ಮುಖ ಇರುವ ಕಾರಣವನ್ನೇ ನಾವು ಹಿಡಿದುಕೊಳ್ಳುತ್ತೇವೆ. ಮುಖ ಇದ್ದರೆ ದ್ವೇಷಿಸಲು ಸುಲಭ.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ನಿಯಮಕ್ಕೂ ತತ್ವಕ್ಕೂ ಗೆರೆ ಎಳೆಯುತ್ತಾರೆ. ನಿಯಮ ಹೀಗೆ ಮಾಡು ಎಂದು ಆಜ್ಞಾಪಿಸುತ್ತದೆ, ತತ್ವ ತೂಗಿ ನೋಡಲು ತಕ್ಕಡಿ ಕೊಡುತ್ತದೆ, ಆಮೇಲಿನ ಹೊಣೆ ನಮ್ಮದು. ಕಾಯಬೇಕು ಎಂಬುದು ನಿಯಮವಾದರೆ ಯಾರು, ಯಾರಿಗೆ, ಎಷ್ಟು ಹೊತ್ತು ಎಂಬ ಜಗಳ ಮುಗಿಯುವುದಿಲ್ಲ. ಎದುರಿನವನು ಬಿದ್ದದ್ದರಿಂದ ನಾನು ದೊಡ್ಡವನಾಗಬಾರದು ಎಂಬ ತತ್ವವಾದರೆ ಆ ಕ್ಷಣ ಪ್ರತಿಯೊಬ್ಬನೂ ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ಕಾಂಟಡೋರ್ ಬೆಟ್ಟದ ಮೇಲೆ ಕೇಳಿಕೊಳ್ಳಲಿಲ್ಲ, ರಾತ್ರಿ ಹೋಟೆಲ್ಲಿನಲ್ಲಿ ಕೇಳಿಕೊಂಡ. ತಡವಾಯಿತು ನಿಜ, ಆದರೆ ಕೇಳಿಕೊಂಡ ಎಂಬುದನ್ನೂ ಬರೆದಿಡಬೇಕು.

ಆ ಸಿಟ್ಟು ಏನಾಯಿತು? ಮೂರು ದಿನದ ನಂತರ, ಜುಲೈ 22. 2115 ಮೀಟರ್ ಎತ್ತರದ ಟೂರ್ಮಲೆ. ಮಳೆ, ಮಂಜು, ಹತ್ತು ಮಾರು ಆಚೆ ಕಾಣದು. ತುದಿಗೆ ಇನ್ನೂ 10 ಕಿಲೋಮೀಟರ್ ಇರುವಾಗಲೇ ಆಂಡಿ ಎದ್ದು ಹೊರಟ. ಕಾಂಟಡೋರ್ ಮಾತ್ರ ಬೆನ್ನು ಹತ್ತಿದ, ಉಳಿದವರೆಲ್ಲ ಹಿಂದೆ ಬಿದ್ದರು. ಆಂಡಿ ವೇಗ ಏರಿಸಿ ನೋಡಿದ, ಇಳಿಸಿ ನೋಡಿದ, ಮತ್ತೆ ಎಳೆದ. ಕಾಂಟಡೋರ್ ನೆರಳಿನಂತೆ ಹಿಂದೆಯೇ. 8 ಸೆಕೆಂಡು ಮುಂದಿದ್ದವನಿಗೆ ಮುಂದೆ ಬಂದು ಎಳೆಯುವ ಅಗತ್ಯವೇ ಇರಲಿಲ್ಲ. ಇದು ಹೇಡಿತನವಲ್ಲ, ಆಟದ ಲೆಕ್ಕ. ಸುಮಾರು 4 ಕಿಲೋಮೀಟರ್ ಉಳಿದಾಗ ಕಾಂಟಡೋರ್ ಒಮ್ಮೆ ಚಿಮ್ಮಿದ. ಆಂಡಿ ಕ್ಷಣದಲ್ಲಿ ಪಕ್ಕಕ್ಕೆ ಬಂದು, ಮುಖ ತಿರುಗಿಸಿ, ಅವನ ಕಣ್ಣನ್ನೇ ದಿಟ್ಟಿಸಿದ. ಮಗ ಅಲ್ಲಿ ವಿಡಿಯೋ ನಿಲ್ಲಿಸಿದ. ಆ ನೋಟದಲ್ಲಿ ಸಿಟ್ಟು ಇಲ್ಲವೆಂದು ನಾನು ಹೇಳಲಾರೆ. ಪೂರ್ತಿ ಇದೆ. ಆದರೆ ಅದು ಕಾಲಿಗೆ ಇಳಿದಿದೆ, ಕೈಗೆ ಹೋಗಿಲ್ಲ. ತಳ್ಳಲಿಲ್ಲ, ಅಡ್ಡ ಬರಲಿಲ್ಲ, ಬೈಯಲಿಲ್ಲ. ತುದಿಯಲ್ಲಿ ಕಾಂಟಡೋರ್ ಗೆಲುವಿಗಾಗಿ ಪೈಪೋಟಿ ಮಾಡಲಿಲ್ಲ. ಆ ದಿನದ ಜಯ ಆಂಡಿಗೆ ಸಂದಿತು. ಗೆರೆ ದಾಟಿದ ಮೇಲೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿದರು. ಆ 8 ಸೆಕೆಂಡು ಮಾತ್ರ ಅಲ್ಲೇ ಉಳಿಯಿತು. ಶನಿವಾರ ಬೋರ್ಡೋದಿಂದ ಪೋಯಾಕ್‌ವರೆಗಿನ 52 ಕಿಲೋಮೀಟರ್ ಒಂಟಿ ಓಟದಲ್ಲಿ ಇನ್ನೂ 31 ಸೆಕೆಂಡು ಸೇರಿ 39 ಆಯಿತು.

ಧಮ್ಮಪದದ ಹದಿನೇಳನೆಯ ವರ್ಗ ಕೋಧವಗ್ಗ. ಅಲ್ಲಿ ಸಿಟ್ಟನ್ನು ಹಳಿ ತಪ್ಪಿ ಓಡುವ ರಥಕ್ಕೆ ಹೋಲಿಸಿದೆ. ಎಷ್ಟೋ ಸಲ ಪಾಠ ಮಾಡಿದ್ದೇನೆ, ಆದರೆ ಒಂದು ಮಾತು ಈ ಸಲವೇ ಹೊಳೆದದ್ದು. ರಥಕ್ಕೆ ಹೋಲಿಸಿದ ಮೇಲೆ ಅದನ್ನು ಸುಟ್ಟುಹಾಕು ಎನ್ನಲಾಗದು, ಕುದುರೆ ಕೊಲ್ಲು ಎನ್ನಲೂ ಆಗದು. ಹಿಡಿದು ನಡೆಸಬೇಕು. ಮಗನಿಗೆ ನಾನು ಹೇಳಿದ್ದು ಇಷ್ಟೇ: ನಿನ್ನ ಮುತ್ತಜ್ಜನಿಗೆ ಸೈಕಲ್ಲನ್ನೇ ಕೊಟ್ಟಿರಲಿಲ್ಲ, ಅವನ ಮೌನ ಖಂತಿಯಲ್ಲ, ಬೇರೆ ದಾರಿ ಇಲ್ಲದ ಮೌನ. ಹೊಡೆಯಲು ಶಕ್ತಿ ಇದ್ದೂ, ಹೊಡೆಯದೆ, ಆದರೆ ಓಟವನ್ನೂ ಬಿಡದೆ ಇರುವುದು ಬೇರೆ. ಮಹಾಡ್ ಕೆರೆಗೆ ನಡೆದವರ ಸಿಟ್ಟು ಕಾಲಿಗೆ ಇಳಿದಿತ್ತು. "ಹ್ಞೂಂ" ಎಂದ. ಒಪ್ಪಿದನೋ, ನಿದ್ದೆ ಬಂದಿತ್ತೋ.

ಕಥೆಗೆ ಬಾಲ ಉಂಟು. ಆ ಸ್ಪರ್ಧೆಯ ವೇಳೆ ಕಾಂಟಡೋರ್ ಮೂತ್ರದಲ್ಲಿ ನಿಷೇಧಿತ ಕ್ಲೆನ್‌ಬ್ಯುಟೆರಾಲ್ ಅಂಶ ಸಿಕ್ಕಿತ್ತು. ಮಾಂಸದಿಂದ ಬಂದದ್ದು ಎಂದು ಅವನು ವಾದಿಸಿದ. 2012ರ ಫೆಬ್ರವರಿ 6ರಂದು ಕ್ರೀಡಾ ನ್ಯಾಯಮಂಡಳಿ ಅವನ ಪ್ರಶಸ್ತಿ ಕಿತ್ತುಕೊಂಡಿತು, 2010ರ ವಿಜೇತ ಆಂಡಿ ಎಂದಾಯಿತು. ಆ ಹುಡುಗ ಕುಣಿಯಲಿಲ್ಲ. ಇದರಿಂದ ತನಗೆ ಖುಷಿಯಿಲ್ಲ, ಗೆಲ್ಲುವುದಾದರೆ ರಸ್ತೆಯ ಮೇಲೆ ಗೆಲ್ಲಬೇಕು ಎಂಬ ಅರ್ಥದ ಮಾತಾಡಿದ. ರಸ್ತೆಯ ಮೇಲೆ ಅದು ಮುಂದೆಂದೂ ಆಗಲಿಲ್ಲ. ಮೊಣಕಾಲು ಪೆಟ್ಟಾಗಿ 29ನೇ ವಯಸ್ಸಿಗೇ ನಿವೃತ್ತನಾದ. ಆಮೇಲೆ ತನ್ನ ದೇಶದಲ್ಲಿ ಸೈಕಲ್ ಅಂಗಡಿ ತೆರೆದ.

ಇದನ್ನೆಲ್ಲ ಮಗನಿಗೆ ಹೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ, ಕಾರಣ ಸೈಕಲ್ ಅಲ್ಲ. ಕೆಲವು ವರ್ಷದ ಹಿಂದೆ ವರ್ಗಾವಣೆ ಕೌನ್ಸೆಲಿಂಗಿನಲ್ಲಿ ನನ್ನ ಕಡತದ ಒಂದು ಹಾಳೆಗೆ ಸಹಿ ಇರಲಿಲ್ಲ. ಸರಿಮಾಡಿಸಿಕೊಂಡು ಬನ್ನಿ ಎಂದು ನನ್ನನ್ನು ಬದಿಗೆ ನಿಲ್ಲಿಸಿದರು. ನನ್ನ ಹಿಂದಿದ್ದವಳು ಬಿ.ಎಡ್. ದಿನದ ಗೆಳತಿ. ಯಾವ ಶಾಲೆ ಆರಿಸುತ್ತೇನೆಂದು ಬೆಳಿಗ್ಗೆ ಅವಳಿಗೆ ನಾನೇ ಹೇಳಿದ್ದೆ. ನಾನು ಸಹಿ ಹಾಕಿಸಿಕೊಂಡು ಓಡಿ ಬರುವಷ್ಟರಲ್ಲಿ ಅವಳು ಅದನ್ನೇ ಆರಿಸಿದ್ದಳು. ನಿಯಮ ಮೀರಿರಲಿಲ್ಲ. ನಾನು ನಾಲ್ಕು ವರ್ಷ ದಿನವೂ ಎರಡು ಬಸ್ಸು ಬದಲಿಸಿದೆ. ಆ ರಾತ್ರಿ ಅವಳು ಫೋನ್ ಮಾಡಿ ಅಳುತ್ತಾ ಏನೋ ಹೇಳತೊಡಗಿದಳು, ನಡುವೆ ಕರೆ ಕಟ್ಟಾಯಿತು. ಮತ್ತೆ ಮಾತಾಗಿಲ್ಲ.

ನನ್ನ ಮೊದಲ ನೇಮಕಾತಿಯ ದಿನ ಪಟ್ಟಿಯಲ್ಲಿ ನನಗಿಂತ ಮೇಲಿದ್ದ ಒಬ್ಬರ ಬಸ್ಸು ಕೆಟ್ಟು ತಡವಾಗಿ ಬಂದಿದ್ದರು. ಅವರ ಸರದಿ ನನಗೆ ಬಂತು, ಊರ ಪಕ್ಕದ ಶಾಲೆ ಸಿಕ್ಕಿತು. ಅಂದು ನಾವು ಮನೆಯಲ್ಲಿ ಪಾಯಸ ಮಾಡಿದ್ದೆವು. ಅವರ ಹೆಸರು ಕೂಡ ನನಗೆ ನೆನಪಿಲ್ಲ. ಇದು ಮಗನಿಗೆ ಗೊತ್ತಿಲ್ಲ, ಇಲ್ಲಿಯೇ ಮೊದಲು ಬರೆಯುತ್ತಿದ್ದೇನೆ.

ಈ ಭಾನುವಾರ ಸಂಜೆ ಎಂದಿನ ಹೊತ್ತಿಗೆ ಕೋಧವಗ್ಗ ಓದು. ಮಕ್ಕಳನ್ನು ಹಿಂದಿನ ಸಾಲಿನಲ್ಲಿ ಕೂರಿಸಬೇಡಿ, ಮುಂದೆ ಕೂರಿಸಿ, ಪ್ರಶ್ನೆ ಕೇಳಲಿ.

ನಮ್ಮ ಗುಂಪಿನ ಸಂದೇಶಗಳು ಎಲ್ಲೆಲ್ಲಿಗೋ ಫಾರ್ವರ್ಡ್ ಆಗುತ್ತವೆ. ಅವಳ ಊರಿನಲ್ಲೂ ಒಂದು ಅಧ್ಯಯನ ಬಳಗವಿದೆ, ಅವಳಿಗೂ ಇದು ತಲುಪಬಹುದು. ಆ ರಾತ್ರಿ ಕಟ್ಟಾದದ್ದು ನೆಟ್‌ವರ್ಕ್‌ನಿಂದಲ್ಲ. ನಾನೇ ಕಟ್ ಮಾಡಿದ್ದು. ನಂಬರ್ ಅದೇ ಇದೆ.

ನಮೋ ಬುದ್ಧಾಯ. ಜೈ ಭೀಮ್ 🙏