ದೂರದ ಗಣಕದ ಬೀಗದ ಕೈ

ಬ್ಯಾಂಕಿನ ಲೆಕ್ಕವನ್ನೋ ರೈಲಿನ ಟಿಕೆಟ್ಟನ್ನೋ ನಮಗೆ ಒದಗಿಸುವ ಗಣಕಯಂತ್ರಗಳಿಗೆ ಸರ್ವರುಗಳೆಂದು ಹೆಸರು. ಯಂತ್ರವಿರುವುದು ಒಂದೂರಿನಲ್ಲಿ, ಅದರ ಮೇಲ್ವಿಚಾರಕನಿರುವುದು ಮತ್ತೊಂದೂರಿನಲ್ಲಿ. ಆಜ್ಞೆಗಳೆಲ್ಲವೂ ಜಾಲದ ಮೂಲಕವೇ ಹೋಗತಕ್ಕವು. ಹಾಗಾದರೆ ಆಜ್ಞೆಯಿತ್ತವನು ನಿಜವಾದ ಮೇಲ್ವಿಚಾರಕನೆಂದು ಯಂತ್ರವು ಅರಿಯುವುದು ಹೇಗೆ? ಇದನ್ನು ಇಲ್ಲಿ ವಿಚಾರಮಾಡೋಣ.

ಮೊದಲು ಬಳಕೆಯಲ್ಲಿದ್ದುದು 1969ರಲ್ಲಿ ಆರಂಭವಾದ ಟೆಲ್‌ನೆಟ್ ಪದ್ಧತಿ. ಇದರಲ್ಲಿ ಗುಪ್ತಪದವು ಯಾವ ಮರೆಯೂ ಇಲ್ಲದೆ ಸಾಗುತ್ತಿತ್ತು. ಅಂಚೆಯ ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದಷ್ಟೆ, ಇದೂ ಹಾಗೆಯೇ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಗುಪ್ತಪದಗಳು ಹೀಗೆ ಕಳವಾದುವು. ಅಲ್ಲಿನ ಸಂಶೋಧಕರಾದ ತಾತು ಯೂಲೋನೆನ್ ಅದೇ ವರ್ಷ ಎಸ್‌ಎಸ್‌ಎಚ್ ಎಂಬ ಹೊಸ ಪದ್ಧತಿಯನ್ನು ನಿರ್ಮಿಸಿದರು.

ಇದರಲ್ಲಿ ಎರಡು ಯಂತ್ರಗಳೂ ಮೊದಲು ತಮಗೆ ಮಾತ್ರ ತಿಳಿದ ಸಂಖ್ಯೆಯೊಂದನ್ನು ಗೊತ್ತುಮಾಡಿಕೊಂಡು, ಅದರ ನೆರವಿನಿಂದ ಸಂಭಾಷಣೆಯನ್ನೆಲ್ಲ ಗೂಢಲಿಪಿಗೆ ತಿರುಗಿಸುತ್ತವೆ. ಆ ಸಂಖ್ಯೆ ಮಾತ್ರ ಜಾಲದಲ್ಲಿ ಸಂಚರಿಸುವುದೇ ಇಲ್ಲ! ಡಿಫಿ ಮತ್ತು ಹೆಲ್‌ಮನ್ 1976ರಲ್ಲಿ ಪ್ರಕಟಿಸಿದ ಗಣಿತದಂತೆ, ಒಂದೊಂದು ಯಂತ್ರವೂ ತನ್ನ ಗುಟ್ಟಿನ ಸಂಖ್ಯೆಯಿಂದ ಎಣಿಸಿದ ಫಲವನ್ನಷ್ಟೇ ಕಳುಹಿಸುತ್ತದೆ; ಎದುರಿನಿಂದ ಬಂದ ಫಲವನ್ನು ತನ್ನ ಗುಟ್ಟಿನೊಡನೆ ಸೇರಿಸಿದಾಗ ಇಬ್ಬರಿಗೂ ಒಂದೇ ಉತ್ತರ ದೊರೆಯುತ್ತದೆ.

ಮೇಲ್ವಿಚಾರಕನ ಗುರುತಿಗೂ ಇಂಥದೇ ಉಪಾಯವುಂಟು. ಅವನು ಜೋಡಿ ಕೈಗಳನ್ನು ಮಾಡಿಕೊಳ್ಳುತ್ತಾನೆ. ಬಹಿರಂಗದ ಕೈಯನ್ನು ಸರ್ವರಿನಲ್ಲಿಡುತ್ತಾನೆ. ಖಾಸಗಿ ಕೈ ಅವನಲ್ಲಿಯೇ ಉಳಿಯುತ್ತದೆ. ಆ ಸಂಭಾಷಣೆಗೇ ವಿಶಿಷ್ಟವಾದ ಸಂಖ್ಯೆಯೊಂದಕ್ಕೆ ಖಾಸಗಿ ಕೈಯಿಂದ ಸಹಿ ಬೀಳುತ್ತದೆ; ಬಹಿರಂಗದ ಕೈಯಿಂದ ಸರ್ವರು ಅದನ್ನು ಪರೀಕ್ಷಿಸುತ್ತದೆ. ಸರ್ವರೇ ಸೂರೆಹೋದರೂ ಖಾಸಗಿ ಕೈ ಅಲ್ಲಿ ಸಿಕ್ಕದು.

ಇನ್ನು ಅನುಷ್ಠಾನದ ಮಾತು. ಖಾಸಗಿ ಕೈಗೆ ಪ್ರತ್ಯೇಕ ಗುಪ್ತವಾಕ್ಯದ ಕಾವಲಿರಲಿ. ಕೈಯಿಂದ ಪ್ರವೇಶ ದೊರೆಯುವುದೆಂದು ಮತ್ತೊಂದು ಕಿಟಕಿಯಲ್ಲಿ ಪರೀಕ್ಷಿಸಿದ ಮೇಲೆಯೇ ಗುಪ್ತಪದದ ಬಾಗಿಲನ್ನು ಮುಚ್ಚಬೇಕು. ಅವಸರಪಟ್ಟವನು ತಾನೇ ಹೊರಗುಳಿದಾನು. ಎಸ್‌ಎಸ್‌ಎಚ್‌ಗೆ ವಾಡಿಕೆಯಾದ 22ನೆಯ ದ್ವಾರವನ್ನು ಪರಿಚಿತ ವಿಳಾಸಗಳಿಗೆ ಮಾತ್ರ ತೆರೆಯಬೇಕು. ಸರ್ವರಿನ ಆಡಳಿತ ಪುಟವನ್ನು ಲೋಕಕ್ಕೆಲ್ಲ ತೆರೆದಿಡದೆ, ಯಂತ್ರದ ಸ್ವಂತ ವಿಳಾಸವಾದ 127.0.0.1ರಲ್ಲಿಟ್ಟು, ಎಸ್‌ಎಸ್‌ಎಚ್ ಸುರಂಗದ ಮೂಲಕವೇ ಮುಟ್ಟುವುದು ಕ್ಷೇಮ.

ಆದರೂ ಒಂದು ಸಂದು ಉಳಿಯಿತು. ಎದುರಿಗಿರುವುದು ನಮ್ಮ ಸರ್ವರೇ, ವೇಷಧಾರಿಯೇ? ಮೊದಲ ಭೇಟಿಯಲ್ಲಿ ಸರ್ವರು ತನ್ನ ಕೈಯ ಬೆರಳಚ್ಚಿನಂಥ ಗುರುತನ್ನು ತೋರಿ, ಒಪ್ಪುವಿರಾ ಎಂದು ಕೇಳಿಸುತ್ತದೆ. ಅದನ್ನು ಬೇರೆ ಮಾರ್ಗದಿಂದ ತಿಳಿದ ಗುರುತಿನೊಡನೆ ಹೋಲಿಸದೆ ಹಲವರು ಹೂಂಗುಟ್ಟುತ್ತಾರೆ. ಗಣಿತವು ನಮ್ಮ ಗುಟ್ಟನ್ನು ಕಾಯಬಲ್ಲದು. ಆದರೆ ಅದನ್ನು ಯಾರಿಗೆ ಹೇಳುತ್ತಿದ್ದೇವೆಂದು ನೋಡಿಕೊಳ್ಳುವ ಹೊಣೆ ನಮ್ಮದೇ.