ಮನೆಯ ಶಾಖ, ರಸ್ತೆಯ ಧರಣಿ: ಪರೀಕ್ಷಾ ಟಿಪ್ಪಣಿ

ಮನೆಗಳಿಗೆ ಶಾಖನಿರೋಧಕ ಹೊದಿಕೆ ಹಾಕಿಸಿ ಎಂದು ಹೆದ್ದಾರಿಗೆ ಅಡ್ಡ ಕೂತವರೂ ಇದ್ದಾರೆ. 2021ರ ಸೆಪ್ಟೆಂಬರ್ 13ರಂದು ‘ಇನ್ಸುಲೇಟ್ ಬ್ರಿಟನ್’ ಚಳವಳಿಗಾರರು ಲಂಡನ್ ಸುತ್ತಲಿನ ಎಂ25 ಹೆದ್ದಾರಿ ತಡೆದರು. ಸಾಮಾಜಿಕ ವಸತಿಗೆ 2025, ಎಲ್ಲ ಮನೆಗಳಿಗೆ 2030 ಅವರು ಕೇಳಿದ ಗಡುವು. ತಡೆಯಾಜ್ಞೆ ಮೀರಿದ 9 ಮಂದಿಗೆ ನವೆಂಬರ್‌ನಲ್ಲಿ ಜೈಲಾಯಿತು.

ಅಲ್ಲಿ ಚಳಿಯ ಚಿಂತೆ, ವಿಜಯಪುರದಲ್ಲಿ ಬಿಸಿಲಿನದು.

ಗೋಳಗುಮ್ಮಟದ ಸುಮಾರು 3 ಮೀಟರ್ ದಪ್ಪದ ಗೋಡೆ ಶಾಖವನ್ನು ನಿಧಾನವಾಗಿ ಒಳಬಿಡುತ್ತದೆ. ತಿಕೋಟಾ, ಬಬಲೇಶ್ವರ ಭಾಗದ ಮಣ್ಣಿನ ಮಾಳಿಗೆಯದೂ ಅದೇ ಗುಣ: ಜಂತಿ, ಹಲಗೆ, ಮೇಲೆ ದಪ್ಪ ಮಣ್ಣು, ನಡುವೆ ಒಂದು ಬೆಳಕಿಂಡಿ. ಆದರೆ ಮಳೆಗಾಲಕ್ಕೆ ಮುನ್ನ ಮಣ್ಣು ಹಾಕಿಸಬೇಕು. ಸೋರಿದರೆ ಜಂತಿಯೇ ಹಾಳು. ಪತ್ರಾಸ್ ಹೊದಿಸಿದರೆ ಆ ಕಾಟವಿಲ್ಲ, ಮಧ್ಯಾಹ್ನ ಮಾತ್ರ ಒಳಗೆ ಕೂರಲಾಗದು. ಆರ್‌ಸಿಸಿ ಚಾವಣಿ ಹಗಲು ಹೀರಿದ ಶಾಖವನ್ನು ರಾತ್ರಿ ಬಿಡುತ್ತದೆ. ಅದಕ್ಕೆ ಸುಣ್ಣ ಬಳಿಯುವುದು ಅಗ್ಗದ ದಾರಿ. ಧೂಳು ಕೂತರೆ ಮತ್ತೆ ಬಳಿಯಬೇಕು. ಬಾಡಿಗೆ ಮನೆಯಾದರೆ ಖರ್ಚು ಮಾಲೀಕನದು, ಸೆಕೆ ಬಾಡಿಗೆದಾರನದು.

ನೆನಪಿಡಿ: ವಸತಿ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆಯಾದ ‘ಇಕೋ ನಿವಾಸ್ ಸಂಹಿತಾ’ವನ್ನು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ಹೊರತಂದಿತು. ತೆಲಂಗಾಣದ ತಂಪು ಚಾವಣಿ ನೀತಿಯ ಅವಧಿ 2023–28. ಬಿಜಾಪುರ ‘ವಿಜಯಪುರ’ವಾದದ್ದು 2014ರ ನವೆಂಬರ್ 1ರಂದು.